ಎರಡು ಹೆಸರಿನ ಪುಟ

ಇನ್ನೊಬ್ಬರ ಮನೆತನದ ವಿಷಯ ಕೆದಕುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಯಾರಾದರೂ ತಮ್ಮ ಊರಿನ ಹೆಸರು ಹೇಳಿದರೆ ಸಾಕು, ಅವರ ಮುತ್ತಜ್ಜನತನಕ ಹೋಗಿ ಬರುತ್ತಿದ್ದೆ. ಆದ್ದರಿಂದ ಯುದ್ಧದ ದಿನಗಳಲ್ಲಿ ವಿಜಾಪುರದ ನಮ್ಮ ಕಚೇರಿಯ ಸಾಹೇಬರು ಬೀಗ ಹಾಕಿದ್ದ ಕಪಾಟಿನಿಂದ ಹಳೆಯ ರಿಜಿಸ್ಟರುಗಳನ್ನು ತೆಗೆಸಿ, "ಸಾಲಿ ಮಾಸ್ತರ ವಿಧವೆಯರ ಪಿಂಚಣಿ ದಫ್ತರ ಇದು. ಮಾಸ್ತರು ಯಾವ ವಯಸ್ಸಿನಾಗ ತೀರಿಕೊಂಡ್ರು, ಹಿಂದ ಎಷ್ಟು ಮಂದಿ ಹೆಂಡ್ರು ಮಕ್ಕಳು ಉಳದ್ರು, ಎಲ್ಲಾ ಹೆಸರಿನ ಸಮೇತ ಬರದು ಸೋಮವಾರ ಕೊಡ್ರಿ," ಎಂದಾಗ ನನಗೆ ಹಬ್ಬವೇ ಆಯಿತು.

ಎರಡು ದಿನ ಹಬ್ಬ. ನಿಡೋಣಿಯ ಮಾಸ್ತರೊಬ್ಬರು ಏಳು ಮಕ್ಕಳನ್ನು ಬಿಟ್ಟುಹೋದದ್ದು, ಹೊನವಾಡದ ಹೆಣ್ಣುಮಗಳೊಬ್ಬಳು ಹದಿನಾರಕ್ಕೇ ವಿಧವೆಯಾದದ್ದು, ಎಲ್ಲವನ್ನೂ ಮನೆಗೆ ಬಂದು ಊಟದ ಹೊತ್ತಿನಲ್ಲಿ ಅಪ್ಪ, ಅವ್ವ, ಹೆಂಡತಿ ಎಲ್ಲರೆದುರು ಹೇಳುತ್ತಿದ್ದೆ. ಅಜ್ಜಿ ಮಾತ್ರ, "ಸತ್ತವರ ಸುದ್ದಿ ಬಿಟ್ಟು ರೊಟ್ಟಿ ತಿನ್ನೋ," ಎನ್ನುತ್ತಿದ್ದಳು.

ಮೂರನೆಯ ದಿನ ನಮ್ಮ ಅಜ್ಜನ ಹೆಸರೇ ಬಂತು. ಚನ್ನಬಸಪ್ಪ ಮಾಸ್ತರ. ಹೆಂಡತಿ ಗಂಗವ್ವ, ವಿಜಾಪುರ. ಇವಳು ನಮ್ಮ ಅಜ್ಜಿ. ಅದರ ಕೆಳಗೆ ಅದೇ ಶಾಯಿಯಲ್ಲಿ: ಹೆಂಡತಿ ನೀಲವ್ವ, ತಿಕೋಟಾ. ಒಬ್ಬಳು ಮಗಳು. ಪಿಂಚಣಿ ಇಬ್ಬರಿಗೂ ಅರ್ಧರ್ಧ.

ವಾರಕ್ಕೆರಡು ಸಲ ಅಜ್ಜನ ಫೋಟೋಕ್ಕೆ ಹೂ ಏರಿಸುವ ಮುದುಕಿಗೆ ಇದು ಗೊತ್ತಾದರೆ? ಬರೆದು ಕೊಟ್ಟರೆ ಕಚೇರಿಯೆಲ್ಲ ಓದುತ್ತದೆ. ಬರೆಯದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಆ ರಾತ್ರಿ ಅರ್ಧ ರೊಟ್ಟಿಗೇ ಎದ್ದೆ. ಅಜ್ಜಿ, "ಯಾಕೋ, ಬೆವರಾಕತ್ತಿಯಲ್ಲ, ಜ್ವರಾ ಏನು?" ಎಂದು ಹಣೆ ಮುಟ್ಟಿದಳು.

ಭಾನುವಾರ ಬೆಳಿಗ್ಗೆ ಎದ್ದಾಗ ಅವಳು ಆಗಲೇ ಬಬಲೇಶ್ವರದ ತವರಿಗೆಂದು ಹೊರಟುಹೋಗಿದ್ದಳು. ತಿಂಗಳಿಗೊಮ್ಮೆ ಹೋಗುವುದು ಅವಳ ರೂಢಿ. ಇದೇ ಸಮಯವೆಂದು ನಾನು ತಿಕೋಟಾಕ್ಕೆ ಹೋಗುವ, ಪೆಟ್ರೋಲು ಸಿಗದ ಆ ದಿನಗಳಲ್ಲಿ ಇದ್ದಲಿ ಉರಿಸಿ ಓಡಿಸುತ್ತಿದ್ದ ಬಸ್ಸು ಹತ್ತಿದೆ. ಅಥಣಿ ರಸ್ತೆಯ ಏರಿನಲ್ಲಿ ಅದು ಎರಡು ಸಲ ನಿಂತಿತು. ಇಳಿದು ನೂಕುವಾಗ, ಹೀಗೇ ತಿರುಗಿ ಮನೆಗೆ ಹೋಗಿಬಿಡಲೇ ಅನ್ನಿಸಿತು. ನೀಲವ್ವ ಬದುಕಿದ್ದರೆ ಏನೆಂದು ಕರೆಯಬೇಕು? ಬಾಗಿಲಲ್ಲೇ ಬೈದು ಅಟ್ಟಿದರೆ?

ತಿಕೋಟಾದಲ್ಲಿ ಮನೆ ಕೇಳಿದ ಕೂಡಲೇ ತೋರಿಸಿದರು. ಬಾಗಿಲು ತೆರೆದೇ ಇತ್ತು. ಒಳಗೆ ಬೆಳ್ಳಗಿನ ಕೂದಲಿನ ಮುದುಕಿಯೊಬ್ಬಳು ಮೊರದಲ್ಲಿ ಸಜ್ಜೆ ಕಾಳು ಹಸನು ಮಾಡುತ್ತಿದ್ದಳು. ಅವಳೆದುರಿಗೆ ಕಾಲು ಚಾಚಿಕೊಂಡು ಕೂತು ಎಲೆಅಡಿಕೆ ಜಗಿಯುತ್ತಿದ್ದವಳು ನಮ್ಮ ಅಜ್ಜಿ!

ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಅಜ್ಜಿಯ ಬಾಯಿಯೂ ನಿಂತಿತು. ಆ ಮುದುಕಿಯೇ ಮೊದಲು ಮಾತಾಡಿದಳು: "ಮೂಗು ಮಾಸ್ತರದ್ದ ಐತಿ ನೋಡ ಅಕ್ಕಾ. ಬಾರಪ್ಪಾ, ಒಳಗ ಬಾ."

"ಯಜ್ಜೀ, ನಿನಗ ಇದೆಲ್ಲಾ ಗೊತ್ತಿತ್ತೇನು?" ಎಂದೆ.

"ಅವರು ಸತ್ತ ಮ್ಯಾಲ ಗೊತ್ತಾತು," ಎಂದಳು ಅಜ್ಜಿ. "ಈಕಿ ಅಳಕೋತ ಬಂದಾಗ ಬಾಗಿಲಾ ಹಾಕಿದ್ನಿ. ಆಮ್ಯಾಲ ನಿಮ್ಮ ಕಚೇರಿಯವರು ಹೆಬ್ಬೆಟ್ಟು ಒತ್ತಾಕ ಕರದು, ಇಬ್ಬರನ್ನೂ ಒಂದ ಬಾಕಿನ ಮ್ಯಾಲ ಸಂಜೀತನಕ ಕುಂಡ್ರಿಸಿದ್ರು. ಮಧ್ಯಾಹ್ನದ ಮಟಾ ಮಾರಿ ತಿರುವಿ ಕುಂತಿದ್ವಿ. ನನ್ನ ಹಂತೇಕ ಬುತ್ತಿ ಇರಲಿಲ್ಲ. ಈಕಿ ತನ್ನ ರೊಟ್ಟಿ ಮುರದು ಅರ್ಧಾ ನನ್ನ ಕಡೆ ಸರಿಸಿದಳು."

"ಆಗೂ ಬೈಕೋತನ ತಿಂದಳು," ಎಂದಳು ನೀಲವ್ವಜ್ಜಿ. ಇಬ್ಬರೂ ನಕ್ಕರು. ನನ್ನ ಕಣ್ಣು ತುಂಬಿದವು.

"ಮತ್ತ ಅಪ್ಪಗ?"

"ಗೊತ್ತೈತಿ. ನಿಮ್ಮವ್ವಗ ಗೊತ್ತೈತಿ. ನಿನ್ನ ಹೆಂಡತಿಗೂ ಆಕಿ ಬಂದ ವರ್ಷನ ಹೇಳೇನಿ."

"ನನಗೊಬ್ಬಗ ಯಾಕ ಹೇಳಲಿಲ್ಲ?"

"ನಿನ್ನ ಬಾಯಾಗ ಎಳ್ಳುಕಾಳು ನೆನೀತೈತೇನೋ?"

ಕಚೇರಿಯ ಪಟ್ಟಿಯಲ್ಲಿ ನೀಲವ್ವಜ್ಜಿಯ ಹೆಸರು ಬರೆಯಲೋ ಬಿಡಲೋ ಎಂದು ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಬರಿ," ಎಂದಳು ಅಜ್ಜಿ, "ಆಕಿ ಹೆಸರು ಚಂದಾಗಿ ಬರಿ." ಆಮೇಲೆ ನೀಲವ್ವಜ್ಜಿ ತನ್ನ ಮಗಳು, ಮೊಮ್ಮಕ್ಕಳ ಹೆಸರು, ವಯಸ್ಸು ಎಲ್ಲ ಹೇಳಿದಳು, ಅಜ್ಜಿ ನಡುನಡುವೆ ತಿದ್ದಿದಳು.

ಸೋಮವಾರ ಸಾಹೇಬರು ಪುಟ ತಿರುವುತ್ತ ತಿಕೋಟಾದ ಹೆಸರಿನ ಹತ್ತಿರ ನಿಂತರು. "ಶಾಬ್ಬಾಸ್! ಇಷ್ಟು ವಿವರ ಬ್ಯಾರೆ ಯಾವ ಮನೆತನದ್ದೂ ಇಲ್ಲ. ಹೆಂಗ ಪತ್ತೆ ಹಚ್ಚಿದ್ರಿ?"

"ಭಾಳ ತಿರಗಾಡಬೇಕಾತ್ರಿ ಸಾಹೇಬ್ರ," ಎಂದೆ. ಮನೆಯಲ್ಲಿ ಹೆಂಡತಿಯನ್ನು ಕೇಳಿದ್ದರೆ ಸಾಕಾಗಿತ್ತು ಎಂದು ಮಾತ್ರ ಹೇಳಲಿಲ್ಲ.