ನಾ ಮಾತಾಡಬಾರದಂತ ಮಾಡಿದ ಗೀಸರ್ ಡಬ್ಬಿಗಳು

ನಾ ಬಾಯಿ ಮುಚ್ಕೊಂಡು ಕುಂದ್ರಬೇಕಂತ ಏನರ ಮಾಡಿದ್ರ, ಅದೇ ಬಂದು ನನ್ನ ಬಾಯಿ ತೆಗಸ್ತದ ನೋಡ್ರಿ. ಪ್ರತಿ ಸಲ ಹಿಂಗೇ. ಇದನ್ನ ಇಲ್ಲೀತನಕ ಯಾರ ಮುಂದೂ ಹೇಳಿಲ್ಲ. ಹೇಳಬೇಕಂದ್ರ ಮಾತಾಡಬೇಕಾಗ್ತದ, ಅದಕ್ಕ ಬರೀಲಿಕತ್ತೀನಿ.

ಮೈಲೂರದಾಗ ನಮ್ಮದು ಒಂದೇ ಕಂಪೌಂಡಿನ ಮನಿ. ಕೆಳಗ ನಾವು, ಮ್ಯಾಲ ಕಾಕಾ-ಕಾಕು, ಹಿಂದಿನ ಖೋಲ್ಯಾಗ ಆಯಿ, ಅಂದ್ರ ಅಪ್ಪನ ಅವ್ವ. ಮೂರೂ ಕಡಿ ಗೀಸರ್ ಅವ. ವಾಯರ್ ಮಾತ್ರ ಹಳೀದು, ಎರಡು ಗೀಸರ್ ಕೂಡೇ ಹಚ್ಚಿದ್ರ ಫ್ಯೂಜ್ ಹೋಗ್ತದ. ಅದಕ್ಕ ಥಂಡಿ ದಿನದಾಗ ದಿನಾ ಮುಂಜಾನಿ ನನಗೊಂದು ಕೆಲಸ. ನಮ್ಮ ನೀರ ಕಾದ ಕೂಡ್ಲೆ ಮ್ಯಾಲ ಹೋಗಿ, "ಕಾಕು, ನಮ್ದು ಆಯ್ತು, ನೀವು ಹಚ್ರಿ" ಅನ್ನಬೇಕು. ಇಷ್ಟೇ ಮಾತು. ಅದನ್ನೂ ನಾ ಮೆಟ್ಲ ಮ್ಯಾಲ ನಿಂತು ಬಾಯಿಪಾಠ ಮಾಡ್ಕೊಂಡು ಹೋಗ್ತಿದ್ದೆ. ಹೋದ್ರ ಕಾಕು ಬಿಡ್ತಾಳೇನು? "ಚಹಾ ಕುಡದೀ ಇಲ್ಲೋ? ಯಾಕ ಸೊರಗೀದಿ? ಅಭ್ಯಾಸ ಹ್ಯಾಂಗ ನಡದದ?" ಅದು ಯಾವ್ದೂ ನನ್ನ ಬಾಯಿಪಾಠದಾಗ ಇರ್ತಿರಲಿಲ್ಲ.

ಲೈಬ್ರರಿ ಪುಸ್ತಕದಾಗ ಒಂದು ಉಪಾಯ ಸಿಕ್ತು. ಪ್ರತಿ ಗೀಸರಿಗಿ ಒಂದು ವೈರ್‌ಲೆಸ್ ಡಬ್ಬಿ. ಒಂದು ಡಬ್ಬಿ ಮಗ್ಗಲದ ಡಬ್ಬಿಗಿ ಸುದ್ದಿ ಮುಟ್ಟಸ್ತದ, ಅದು ಅದರ ಮಗ್ಗಲದಕ್ಕ. ಜಾಳಿಗಿ ಹೆಣದಂಗ. ಹೆಸರು ಮೆಶ್. "ನಮ್ದು ಆಯ್ತು, ನೀವು ಹಚ್ರಿ" ಅಂತ ಡಬ್ಬೀನೇ ಡಬ್ಬಿಗಿ ಹೇಳ್ತದ, ನಾ ಹಾಸಿಗ್ಯಾಗ ಪುಸ್ತಕ ಓದ್ಕೋತ ಬಿದ್ದಿರಬಹುದು. ಔರಾದದಾಗ ಕರೆಂಟಿನ ಕೆಲಸ ಮಾಡೋ ಮಾಮಾ ಬಂದು ವಾಯರ್ ಹಚ್ಚಿಕೊಟ್ಟ.

ಸ್ಟೀಲ್ ಡಬ್ಬಿ

ಮದಲನೇ ದಿನ ನಮ್ಮ ನೀರ ಕಾದವು, ಮ್ಯಾಲಿನ ಗೀಸರ್ ಹತ್ತಲೇ ಇಲ್ಲ. ನಾ ಲ್ಯಾಪ್‌ಟಾಪ್ ಮುಂದ ಕುಂತು ನಾ ಬರದ ಪ್ರೋಗ್ರಾಮ್ ಎಲ್ಲಾ ತಿರುವಿ ಹಾಕ್ದೆ. ಗ್ವಾಡಿ ದಪ್ಪ ಅವೇನು, ನನ್ನ ತಲಿ ದಪ್ಪ ಅದೇನು, ಎರಡೂ ವಿಚಾರ ಮಾಡ್ದೆ. ಕಡೀಕ ಮ್ಯಾಲ ಹೋಗಿ ನೋಡ್ತೇನಿ, ಕಾಕು ನನ್ನ ಡಬ್ಬಿ ಮ್ಯಾಲ ದೊಡ್ಡದೊಂದು ಸ್ಟೀಲ್ ಡಬ್ಬಿ ಬೋರಲ ಹಾಕ್ಯಾಳ!

"ಹೊಸಾ ಸಾಮಾನ ಅಲ್ಲೇನವ್ವಾ, ಧೂಳ ಹತ್ತಬಾರದಂತ ಮುಚ್ಚಿನಿ" ಅಂದ್ಳು.

ಸ್ಟೀಲಿನಾಗ ಹಾದು ಸುದ್ದಿ ಹೋಗಲ್ಲ ಅಂತ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಪ್ಲಾಸ್ಟಿಕ್ ಡಬ್ಬಿ ಇಲ್ಲೇನ್ರಿ ಕಾಕು?"

ಸಂಜೀಕ ಕಾಕು ಪ್ಲಾಸ್ಟಿಕ್ ಡಬ್ಬಿ ತುಂಬ ಅವಲಕ್ಕಿ ಚೂಡಾ ತಂದುಕೊಟ್ಟು ಅವ್ವಗ ಬೈದ್ಳು: "ಪೋರಿಗಿ ಹೊಟ್ಟಿತುಂಬ ಹಾಕಲ್ಲೇನು? ಪಾಪ, ನನ್ನ ಕಡಿ ಬಂದು ಕೇಳ್ತದ!"

ಆಯಿ ಮತ್ತ ಹಸರ ದೀಪ

ಆಯಿ ಖೋಲಿ ಭಾಳ ಹಿಂದ ಅದ. ಅದಕ್ಕ ನಡುವ ಮೆಟ್ಲ ಕಡಿ ಇನ್ನೊಂದು ಡಬ್ಬಿ ಇಟ್ಟೆ. ಅದರಾಗ ಸಣ್ಣದೊಂದು ಹಸರ ದೀಪ. ಯಾರೂ ಇಲ್ಲದ ಕಡಿ ದೀಪ ಹತ್ತಿದ್ರ ಆಯಿಗಿ ಜೀವ ತಡ್ಯಂಗಿಲ್ಲ. ಬಂದ್ ಮಾಡಿಬಿಟ್ಳು. ಸುದ್ದಿ ಮೆಟ್ಲದಾಗೇ ನಿಂತಿತು, ಆಯಿ ನೀರ ತಣ್ಣಗೇ ಉಳದವು. ನಾ ದೀಪದ ಮ್ಯಾಲ ಕರೀ ಟೇಪ್ ಹಚ್ಚಿದೆ. ಮರುದಿನ, "ದೀಪ ಕೆಟ್ಟು ಹೋಗ್ಯದ, ಸುಮ್ನ ಯಾಕ ಕರೆಂಟ್ ಸುಡ್ಬೇಕು?" ಅಂತ ಮತ್ತ ಬಂದ್!

ನಾ ಮತ್ತ ಚಾಲೂ ಮಾಡಿ, "ಆಯಿ, ಇದೇ ನಿನ್ನ ನೀರಿಗಿ ಕಾಯಿ ಅಂತ ಹೇಳೋದು" ಅಂದೆ.

"ಹಂಗಂತ ಮದಲೇ ಹೇಳಬಾರದ?" ಅಂದವಳೇ ಡಬ್ಬಿ ಮುಂದ ನಿಂತು ಒದರಿದ್ಳು, "ಏ, ನೀರ ಕಾಸು! ಜಲ್ದಿ!"

ಆಗ್ಲೇ ಆಯಿ ಪಾಳಿ ಬಂದಿತ್ತು, ಗೀಸರ್ ಹತ್ತೇಬಿಟ್ತು. ಅವತ್ತಿಂದ ಆಯಿ ದಿನಾ ಡಬ್ಬಿ ಸಂಗಟ ಮಾತಾಡ್ತಾಳ. "ನೋಡು, ಹೇಳಿದ್ದು ಕೇಳ್ತದ, ತಿರುಗಿ ಮಾತಾಡಲ್ಲ. ಥೇಟ್ ನಿನ್ನಂಗೇ" ಅಂತಾಳ.

ಔರಾದದ ಮರ್ಯಾದಿ

ಮಾಮಾ ತನ್ನ ಮನಿಗೊಂದು, ಬಾಜೂ ಮನಿಗೊಂದು ಡಬ್ಬಿ ಒಯ್ದ. ಎಲ್ಲಾ ಡಬ್ಬಿಗೂ ನಾ ಒಂದೇ ಗುಂಪಿನ ಹೆಸರು ಕೊಟ್ಟಿದ್ದೆ. ಬ್ಯಾರೆ ಬ್ಯಾರೆ ಮನಿಗಿ ಬ್ಯಾರೆ ಹೆಸರು ಕೊಡಬೇಕಂತ ತಲಿಗೇ ಹೊಳೀಲಿಲ್ಲ. ಎರಡೂ ಮನಿ ಡಬ್ಬಿ ಒಂದೇ ಮನಿಯವ್ರಂಗ ಕೂಡಿಬಿಟ್ಟವು.

ಒಂದಿನ ಮಾಮಾನ ಫೋನ್ ಬಂತು. "ಬಾಜೂ ಮನಿಗಿ ಬೀಗರು ಬಂದಾರ. ಅವ್ರೆಲ್ಲಾ ಜಳಕಾ ಮಾಡೋತನಕ ನಮ್ಮ ಗೀಸರ್ ಹತ್ತದೇ ದಾರಿ ನೋಡ್ಕೋತ ಕುಂತದ. ಮಧ್ಯಾಹ್ನ ಆಯ್ತು, ನಂದಿನ್ನ ಜಳಕಾ ಇಲ್ಲ!"

"ತಪ್ಪಾಯ್ತು ಮಾಮಾ..."

"ತಪ್ಪೇನಿಲ್ಲ ತಗೋ. ಬಸ್ಸಿನಾಗ ಎಲ್ಲಾರೂ ಹತ್ತೀತನಕ ಕೆಳಗ ನಿಂತು, ಬಸ್ ತಪ್ಪಿಸ್ಕೋತಿ ಅಲ್ಲ ನೀ? ಡಬ್ಬಿ ಯಾರ ಮ್ಯಾಲ ಹೋಗ್ಯದಂತ ಗೊತ್ತಾಯ್ತು" ಅಂದ.

ಭಾಲ್ಕಿ

ಕಾಲೇಜಿನ ಸರ್ ನನ್ನ ಕೇಳ್ದೇ ಭಾಲ್ಕಿದಾಗ ಆಗೋ ವಿಜ್ಞಾನ ಪ್ರದರ್ಶನಕ್ಕ ನನ್ನ ಹೆಸರು ಕೊಟ್ರು. ನನಗ ಜ್ವರ ಬಂದಂಗಾಯ್ತು. ಯಾರೂ ಏನೂ ಕೇಳಬಾರದಂತ ಎಲ್ಲಾ ಚಾರ್ಟಿನ ಮ್ಯಾಲೇ ಬರದು ಒಯ್ದೆ. ಗೀಸರ್ ಬದಲಿ ಬಲ್ಬ್ ಇಟ್ಟಿದ್ದೆ. ಒಂದು ನನ್ನ ಕಡಿ, ಒಂದು ಪ್ರದರ್ಶನದ ಹಾಲ್‌ನ ಆ ತುದಿಗಿ, ನಡುವ ಗ್ವಾಡಿ ಪ್ಲಗ್ಗಿಗಿ ಹಚ್ಚಿದ, ಸುದ್ದಿ ಮುಟ್ಟಸೋ ಡಬ್ಬಿ. ಆ ತುದಿ ಕಾಯಲಿಕ್ಕ ಕಾಕು ಬಂದಿದ್ಳು.

ಪರೀಕ್ಷಾ ಮಾಡೋ ಸರ್ ಬಂದು ನಿಂತ್ರು. ನನ್ನ ಬಲ್ಬ್ ಹತ್ತಿ ಆರಿತು. ಈಗ ಆ ತುದೀದು ಹತ್ತಬೇಕು. ಹತ್ತವಲ್ದು. ನಡುವಿನ ಡಬ್ಬಿ ಕಡಿ ನೋಡ್ದೆ. ಅದರ ಪ್ಲಗ್ ಯಾರೋ ಕಿತ್ತು ಅಲ್ಲಿ ಮೊಬೈಲ್ ಚಾರ್ಜಿಗಿ ಹಾಕ್ಯಾರ. ತೆಗೀಲಿಕ್ಕ ಆ ಕಡಿ ಹೊಂಟೆ.

"ಆ ಮೊಬೈಲ್ ನಂದದ, ಮುಟ್ಟಬ್ಯಾಡ" ಅಂದ್ರು ಸರ್. "ನಿಂದು ಯಾಕ ಹತ್ತವಲ್ದು, ಅದು ಹೇಳು."

ಸರ್ರಿಗಿ ಹ್ಯಾಂಗ ಹೇಳ್ಲಿ, "ನಿಮ್ಮ ಮೊಬೈಲ್‌ನಿಂದೇ ರಿ" ಅಂತ? ಒಂದು ದಾರಿ ಬಂದಾದ್ರ ಸುದ್ದಿ ಇನ್ನೊಂದು ದಾರಿ ಹುಡುಕ್ತದಂತ ಪುಸ್ತಕದಾಗ ಓದಿದ್ದೆ. ಆ ದಾರಿ ನನ್ನ ಗಂಟಲದಾಗ ಅದ ಅಂತ ಯಾವ ಪುಸ್ತಕದಾಗೂ ಇರಲಿಲ್ಲ. ಕಣ್ಣು ಮುಚ್ಚಿ ಒದರಿಬಿಟ್ಟೆ:

"ಕಾಕೂ! ನಮ್ದು ಆಯ್ತು, ನೀವು ಹಚ್ರಿ!"

ಕಾಕುಗ ರೂಢಿ. ಟಕ್ ಅಂತ ಕೈಲೇ ಬಟನ್ ಒತ್ತಿದ್ಳು. ಬಲ್ಬ್ ಹತ್ತಿತು. ಆ ತುದಿಂದ ಉತ್ತರಾನೂ ಬಂತು: "ಹಚ್ಚಿನಿ ನೋಡವ್ವಾ! ಚಹಾ ಕುಡದೀ ಇಲ್ಲೋ?"

ಇಡೀ ಹಾಲ್ ನಕ್ಕಿತು. ಸರ್ ಕಣ್ಣೀರ ಒರಸ್ಕೊಂಡು ಕೇಳಿದ್ರು, "ಮತ್ತ ಈ ಡಬ್ಬಿ ಯಾಕವ್ವಾ?"

"ನಾ ಒದರಬಾರದಂತ ರಿ ಸರ್."

ಸಂಜೀಕ ನನಗೇ ಬಹುಮಾನ ಅಂದ್ರು. ಖುಷಿಲೇ ಸ್ಟೇಜ್ ಮ್ಯಾಲ ಹೋದ್ರ ಅದೇ ಸರ್ ಕೈಯಾಗ ಮೈಕ್ ಕೊಟ್ಟು, "ಎರಡು ಮಾತು ಹೇಳು" ಅಂದ್ರು. ಬಾಯಿಪಾಠ ಮಾಡ್ಕೊಳ್ಳಿಕ್ಕ ಮೆಟ್ಲ ಇರಲಿಲ್ಲ. ಎಲ್ಲಾ ಮಂದಿ ನನ್ನೇ ನೋಡಲಿಕತ್ತಾರ. ತಲಿಯಾಗ ಇದ್ದದ್ದು ಒಂದೇ ಮಾತು, ಅದೇ ಬಂತು:

"ಸರ್, ನಿಮ್ಮ ಮೊಬೈಲ್ ಚಾರ್ಜ್ ಆಗಿರಬೇಕು. ನಮ್ದು ಪ್ಲಗ್ ಹಚ್ರಿ."