ಡಬ್ಬಿಯೇ ಬೇಡ ಮೇಡಂ

ನಾಚಿಕೆಯದ್ದು ಒಂದು ಕೆಟ್ಟ ಸ್ವಭಾವ. ಆಗಬೇಕಾದ ಹೊತ್ತಿಗೆ ಅದು ಆಗುವುದಿಲ್ಲ. ಆಡಬಾರದ್ದನ್ನೆಲ್ಲ ಆಡಿ ಮುಗಿಸಿ, ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ನಿಧಾನವಾಗಿ ಬಂದು ಪಕ್ಕದಲ್ಲಿ ಕೂರುತ್ತದೆ. ಕೂತದ್ದು ಮತ್ತೆ ಏಳುವುದಿಲ್ಲ. ನನಗಂತೂ ಮೊದಲಿನಿಂದಲೂ ಹೀಗೆಯೇ. ನನ್ನ ಹೆಂಡತಿ ಸುಮಾಳಿಗೆ ಮಾತ್ರ ನನ್ನ ಪರವಾಗಿ ಮುಂಚಿತವಾಗಿಯೇ ನಾಚಿಕೆಯಾಗುತ್ತದೆ. ನಾಲ್ಕು ಜನರ ನಡುವೆ ನಾನು ಗಂಟಲು ಸರಿಮಾಡಿಕೊಂಡರೆ ಸಾಕು, ಅವಳು ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನೋಡಲು ಶುರುಮಾಡುತ್ತಾಳೆ. ಈಗ ಹೇಳಹೊರಟಿರುವ ಸಂಗತಿಯಲ್ಲೂ ಅವಳು ಬಾಗಿಲು ನೋಡಿದ್ದಳು. ನಾನು ಅವಳನ್ನು ನೋಡಿರಲಿಲ್ಲ.

ನಾನಿರುವುದು ಶಿವಮೊಗ್ಗದ ವಿನೋಬನಗರದಲ್ಲಿ. ಕೆಲಸ ಒಂದು ವಿಮಾ ಕಚೇರಿಯಲ್ಲಿ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಅಲ್ಲಿ ಎಲ್ಲರೂ ಕರೆಯುವುದು ನನ್ನನ್ನೇ. ಹೀಗಾಗಿ ನಾನೊಬ್ಬ ಕಂಪ್ಯೂಟರ್ ಪಂಡಿತ ಎಂದು ನಮ್ಮ ಬೀದಿಯವರು ನಂಬಿದ್ದಾರೆ, ಅವರ ಮಾತು ತೆಗೆದುಹಾಕಬಾರದೆಂದು ನಾನೂ ನಂಬಿದ್ದೇನೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯಲ್ಲಿ ಒಂದು ಆಟ ನಡೆಯುತ್ತದೆ. ಹೆಸರು 'ಪಂಕ್ತಿ'. ಭದ್ರಾವತಿಯ ಜನ್ನಾಪುರದಲ್ಲಿರುವ ವನಜಾಕ್ಷಿ ಎಂಬ ಡ್ರಾಯಿಂಗ್ ಮೇಡಂ ತಾವೇ ಯೋಚಿಸಿ, ಚಿತ್ರ ಬರೆದು, ಅಚ್ಚು ಹಾಕಿಸಿ ಮಾರುವ ಆಟ. ಒಂದು ರಟ್ಟಿನ ಡಬ್ಬಿ. ಅದರೊಳಗೆ ಬಾಳೆಲೆಯ ಚಿತ್ರವಿರುವ ಹಾಳೆಗಳು ಮತ್ತು ಒಂದು ಕಟ್ಟು ಕಾರ್ಡು. ಆಡುವವರೆಲ್ಲ ಒಂದೊಂದು ಮದುವೆ ಮನೆಯ ಯಜಮಾನರು. ಉಪ್ಪು, ಕೋಸಂಬರಿ, ಪಲ್ಯ ಎಲೆಯ ಮೇಲೆ ತಮ್ಮ ತಮ್ಮ ಜಾಗದಲ್ಲೇ ಬೀಳಬೇಕು, ಪಾಯಸ ಕೊನೆಯ ಪಂಕ್ತಿಯವರೆಗೂ ಬರಬೇಕು. ನಡುವೆ ಅಡುಗೆಯವರು ಮುನಿಸಿಕೊಂಡ ಕಾರ್ಡು, ಕರೆಂಟು ಹೋದ ಕಾರ್ಡು, ಬೀಗರ ಕಡೆಯ ಅಜ್ಜಿ ಸಾರಿಗೆ ಉಪ್ಪು ಸಾಲದು ಎಂದ ಕಾರ್ಡು ಬಂದು ಅಂಕ ಕಳೆಯುತ್ತವೆ. ಆ ಅಜ್ಜಿಯ ಮೂಗುತಿಯನ್ನೂ ಮೂಗು ಮುರಿಯುವ ಭಂಗಿಯನ್ನೂ ನೋಡಿದರೆ ಸರಿಯಾಗಿರುವ ಉಪ್ಪೂ ಸಾಲದು ಅನಿಸುತ್ತದೆ.

ಆಟ ಚೆಂದ, ಕೊನೆಯಲ್ಲಿ ಅಂಕ ಕೂಡಿಸುವುದೊಂದೇ ತಾಪತ್ರಯ. ಎದುರುಮನೆಯ ಮಂಜಣ್ಣ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ವಾರವಿಡೀ ಸರಿಯಾಗಿ ಕೂಡಿಸುವವನಿಗೆ ಭಾನುವಾರ ಮಾತ್ರ ಮರೆವು, ಆ ಮರೆವೂ ಯಾವಾಗಲೂ ಅವನ ಕಡೆಗೇ ವಾಲುತ್ತದೆ. ಇದಕ್ಕೊಂದು ಕೊನೆ ಕಾಣಿಸಬೇಕೆಂದು ನಾನು ಫೋನಿನಲ್ಲಿ ತೆರೆಯುವಂಥ ಒಂದು ಪುಟ ತಯಾರಿಸಿದೆ. ಬಡಿಸಿದ್ದನ್ನು ಒತ್ತುತ್ತಾ ಹೋದರೆ ಅಂಕ ತಾನೇ ಬರುತ್ತದೆ. ಎಲ್ಲರೂ ಭೇಷ್ ಅಂದರು. ನಾನು ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧ ಬರೆಯುವ ಕಷ್ಟ ಇರುತ್ತಿರಲಿಲ್ಲ.

ನಿಲ್ಲಿಸಲು ಮಂಜಣ್ಣ ಬಿಡಲಿಲ್ಲ. "ಲೆಕ್ಕ ಫೋನಲ್ಲಿ, ಕಾರ್ಡು ಕೈಯಲ್ಲಿ, ಇದೆಂಥ ಅರ್ಧಂಬರ್ಧ ಮಾರಾಯ. ಕಾರ್ಡೂ ಫೋನಿಗೇ ಹಾಕ್ಬಿಡು" ಅಂದ. ಹೊಗಳಿಸಿಕೊಂಡ ಮನುಷ್ಯನಿಗೆ ಯಾವ ಕೆಲಸವೂ ಹೆಚ್ಚಲ್ಲ. ಕಚೇರಿಯ ಸ್ಕ್ಯಾನರಿನ ಮೇಲೆ ಒಂದೊಂದೇ ಕಾರ್ಡು ಇಟ್ಟು ಚಿತ್ರ ತೆಗೆದೆ. ಅಜ್ಜಿಯ ಕಾರ್ಡಿನ ಮೇಲೆ ನಮ್ಮನೆಯ ಸಾರಿನ ಕಲೆಯಿತ್ತು, ಅದನ್ನು ಕಂಪ್ಯೂಟರಿನಲ್ಲೇ ತೊಳೆದೆ. ಡಬ್ಬಿಯ ತಳದಲ್ಲಿ ಒಂದು ಚೀಟಿ ಅಂಟಿಸಿದ್ದರು: ಇದರ ಚಿತ್ರ, ಬರಹಗಳ ಹಕ್ಕು ಕರ್ತೃವಿನದು, ಅನುಮತಿಯಿಲ್ಲದೆ ನಕಲು ಮಾಡಬಾರದು. ಯಾವುದನ್ನೂ ಬಿಡಬಾರದೆಂಬ ಶ್ರದ್ಧೆಯಿಂದ ನಾನು ಅದನ್ನೂ ನಕಲು ಮಾಡಿದೆ. ಸ್ವಲ್ಪ ಸೊಟ್ಟಗೆ ಬಂದಿತ್ತು, ನೇರ ಮಾಡಿದೆ. ನಿರ್ಮಾಣ ಎಂಬಲ್ಲಿ ನನ್ನ ಹೆಸರನ್ನೂ ಕೈಮುಗಿದ ಫೋಟೋವನ್ನೂ ಹಾಕಿದೆ. "ಮೇಡಂನ ಒಂದ್ಮಾತು ಕೇಳಿದ್ರೇನ್ರೀ?" ಎಂದಳು ಸುಮಾ. "ದುಡ್ಡಿಗೆ ಮಾಡ್ತಿಲ್ವಲ್ಲೇ, ಅಭಿಮಾನಕ್ಕೆ ಮಾಡ್ತಿರೋದು" ಎಂದೆ. ಅವಳು ಬಾಗಿಲು ನೋಡಿದ್ದು ಆಗಲೇ ಇರಬೇಕು.

ಲಿಂಕನ್ನು ಮಂಜಣ್ಣನಿಗೆ ಕಳಿಸಿದ್ದು ದೀಪಾವಳಿಯ ಹೊತ್ತಿಗೆ. ಅವನು ಮಂಡಿಯ ಗುಂಪಿಗೆ ಹಾಕಿದ, ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಯಿತು. ವಿದ್ಯಾನಗರದಲ್ಲಿರುವ ನನ್ನ ಷಡ್ಡಕನಿಗೇ ಅದು ಯಾರೋ ಅಪರಿಚಿತರಿಂದ ಬಂತಂತೆ. ನಾನು ಉಬ್ಬಿಹೋದೆ. ಈ ಸಂತೋಷದ ಸುದ್ದಿಯನ್ನು ವನಜಾಕ್ಷಿ ಮೇಡಂಗೆ ಖುದ್ದಾಗಿ ಮುಟ್ಟಿಸದಿದ್ದರೆ ಹೇಗೆ ಎನಿಸಿತು. ಅವರ ಆಟವನ್ನು ನಾನು ಮನೆಮನೆಗೆ ತಲುಪಿಸಿದ್ದೇನೆ, ಕಂಡರೆ ಎಷ್ಟು ಖುಷಿಪಡುತ್ತಾರೋ ಎಂದು ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಸನ್ಮಾನ ಸ್ವೀಕರಿಸುತ್ತಾ, ಸುಮಾಳನ್ನೂ ಬೆಣ್ಣೆ ಬಿಸ್ಕತ್ತಿನ ಪೊಟ್ಟಣವನ್ನೂ ಕರೆದುಕೊಂಡು ಜನ್ನಾಪುರಕ್ಕೆ ಹೋದೆ.

ಮೇಡಂ ಮತ್ತು ಅವರ ಯಜಮಾನರು ರುದ್ರೇಶಪ್ಪ ಒಳಗೆ ಕರೆದು ದಿವಾನದ ಮೇಲೆ ಕೂರಿಸಿದರು. ನಾನು ಫೋನು ತೆಗೆದೆ. ಅಜ್ಜಿಯನ್ನು ತೋರಿಸಿದೆ, ಸಾರಿನ ಕಲೆ ತೊಳೆದದ್ದನ್ನು ವಿವರಿಸಿದೆ, ಚೀಟಿಯನ್ನೂ ತೋರಿಸಿದೆ. ಮೇಡಂ ಕಾಫಿ ತಂದುಕೊಟ್ಟರು. ರುದ್ರೇಶಪ್ಪನವರು, "ಅಂದ್ರೆ ಡಬ್ಬಿ ಇಲ್ದಿದ್ರೂ ಆಡ್ಬೋದು?" ಎಂದು ಕೇಳಿದರು. "ಡಬ್ಬಿಯೇ ಬೇಡ ಮೇಡಂ" ಎಂದು ನಾನು ಇಬ್ಬರಿಗೂ ಸೇರಿಸಿ ಹೇಳಿದೆ. ಅಷ್ಟಕ್ಕೆ ಬಿಡದೆ, ಈ ಆಟ ನನಗೆ ಯಾಕಿಷ್ಟು ಹಿಡಿಸಿತು ಎಂಬುದಕ್ಕೆ ಷಡ್ಡಕನ ಮಗಳ ಮದುವೆಯ ಕಥೆಯನ್ನೂ ತೆಗೆದೆ. ಅಲ್ಲಿ ನಾನು ಯಾರೂ ಹೇಳದೆಯೇ ಪಂಚೆ ಎತ್ತಿಕಟ್ಟಿ ಪಾಯಸದ ಪಾತ್ರೆ ಹಿಡಿದಿದ್ದೆ. ಬೇಡ ಬೇಡ ಎಂದವರಿಗೂ ಸೌಟುಗಟ್ಟಲೆ ಸುರಿದಿದ್ದೆ. ಎಂಥ ಧಾರಾಳಿ ಎಂದು ಜನ ಹೊಗಳಿದ್ದೇ ಹೊಗಳಿದ್ದು. ಕೊನೆಯ ಪಂಕ್ತಿಯಲ್ಲಿ ಹೆಣ್ಣಿನ ಅಪ್ಪ ಅಮ್ಮ ಊಟಕ್ಕೆ ಕೂತಾಗ ಪಾತ್ರೆಯಲ್ಲಿ ಒಂದು ಗೋಡಂಬಿಯೂ ಇರಲಿಲ್ಲ ಎಂದು ಹೇಳಿ ನಾನೇ ಜೋರಾಗಿ ನಕ್ಕೆ. ಮೇಡಂ ನನ್ನ ಮುಖವನ್ನೇ ಗಮನವಿಟ್ಟು ನೋಡುತ್ತಿದ್ದರು. ಕಥೆ ರುಚಿಸಿದೆ ಎಂದುಕೊಂಡೆ.

ನಗುವಾಗ ಕಾಲು ಹಿಂದಕ್ಕೆ ಸರಿದು ದಿವಾನದ ಕೆಳಗೆ ಏನಕ್ಕೋ ತಾಗಿತು. ಬಗ್ಗಿ ನೋಡಿದರೆ ಡಬ್ಬಿಗಳು, ಒಂದರ ಮೇಲೊಂದು, ಗೋಡೆಯವರೆಗೂ. "ಅವು ಹಾಗೇ ಉಳ್ಕೊಂಡಿದಾವೆ ಸರ್" ಅಂದರು ಮೇಡಂ. "ಮುಂಚೆ ವಾರವಾರ ಯಾರಾದ್ರೂ ಫೋನ್ ಮಾಡೋರು. ದೀಪಾವಳಿ ಆದ್ಮೇಲೆ ನಿಂತೋಯ್ತು. ಇವು ಹೋದ್ರೆ ಹೊಸ ಕಾರ್ಡು ಸೇರ್ಸಿ ಇನ್ನೊಂದ್ಸಲ ಅಚ್ಚು ಹಾಕ್ಸೋಣ ಅಂತಿದ್ದೆ." ಸುಮಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ನಿಮ್ಮ ಲಿಂಕು ನಮ್ಮ ಸ್ಕೂಲಿಗೂ ಬಂದಿತ್ತು ಸರ್. ನಿಮ್ಮ ಫೋಟೋ ನೋಡಿದ್ದೆ. ಬಾಗಿಲಲ್ಲಿ ನೋಡಿದ ತಕ್ಷಣ ಗುರುತು ಸಿಕ್ತು" ಎಂದು ಮೇಡಂ ನಿಧಾನವಾಗಿ ಸೇರಿಸಿದರು. ಅಷ್ಟರಲ್ಲಿ ನನ್ನ ಲೋಟದ ಕಾಫಿ ಮುಗಿದಿತ್ತು. ನಾಚಿಕೆ ಬಂದು ಕೂತದ್ದು ಆಗ. ಕಿವಿ ಬಿಸಿಯಾಯಿತು, ಕೈಮುಗಿದ ಆ ಫೋಟೋ ನೆನಪಾಗಿ ಫೋನನ್ನು ಮೆಲ್ಲಗೆ ಜೇಬಿಗೆ ಸೇರಿಸಿದೆ. ಗೊತ್ತಿದ್ದೂ ಆಕೆ ನನಗೆ ಕಾಫಿ ಕೊಟ್ಟಿದ್ದರು, ಸಕ್ಕರೆ ಸಾಕಾ ಎಂದೂ ಕೇಳಿದ್ದರು.

"ತಪ್ಪಾಯ್ತು ಮೇಡಂ, ಇವತ್ತೇ ಎಲ್ಲ ತೆಗೀತೀನಿ" ಎಂದೆ. "ಎಲ್ಲ ಬೇಡ ಸರ್" ಅಂದರು. "ಲೆಕ್ಕ ಹಾಕೋದು ಯಾರ ಸ್ವತ್ತೂ ಅಲ್ಲ. ಹೀಗ್ ಆಡ್ಬೇಕು ಅನ್ನೋ ಕ್ರಮಾನೂ ನಾನು ಹಿಡ್ಕೊಂಡು ಕೂರಕ್ಕಾಗಲ್ಲ. ಚಿತ್ರ, ಅದರಡಿ ಬರ್ದಿರೋ ಮಾತು, ಅಷ್ಟು ನಂದು. ಅದನ್ನ ಬಿಟ್ಬಿಡಿ, ಲೆಕ್ಕ ಇಟ್ಕೊಳಿ. ನಮಗೂ ಅದು ಬೇಕಾಗಿತ್ತು, ಇವರು ಕೂಡ್ಸೋವಾಗ ಯಾವಾಗ್ಲೂ ತಪ್ತಾರೆ." ರುದ್ರೇಶಪ್ಪನವರು ನೆಲ ನೋಡಿದರು. ಹೊರಡುವಾಗ ಸುಮಾಳಿಗೆ ಕುಂಕುಮ ಕೊಟ್ಟು, ಎಲೆ ಅಡಿಕೆಯ ಜೊತೆ ರವಿಕೆ ಕಣವನ್ನೂ ಕೊಟ್ಟರು. ಬೈದಿದ್ದರೆ ಬಸ್ಸಿನಲ್ಲಿ ಕೂತು ನಾನೂ ಏನಾದರೂ ವಾದ ಹೊಂದಿಸಿಕೊಳ್ಳಬಹುದಿತ್ತು. ಶಿವಮೊಗ್ಗ ಬರುವವರೆಗೂ ಸುಮಾ ಆ ಕಣವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿ ನೋಡುತ್ತಿದ್ದಳು. ಬಸ್ಸಿನಲ್ಲಿ ಬಾಗಿಲು ದೂರ ಇತ್ತು.

ಅಂದೇ ಚಿತ್ರಗಳನ್ನೂ ಮಾತುಗಳನ್ನೂ ತೆಗೆದುಹಾಕಿದೆ. ನನ್ನ ಫೋಟೋ ಎಲ್ಲಕ್ಕಿಂತ ಮೊದಲು ಹೋಯಿತು. ಆಡಲು ಡಬ್ಬಿ ಬೇಕು, ಡಬ್ಬಿ ಜನ್ನಾಪುರದಲ್ಲಿ ಸಿಗುತ್ತದೆ ಎಂದು ಮೇಡಂ ಅವರ ಹೆಸರಿನೊಂದಿಗೆ ದೊಡ್ಡದಾಗಿ ಬರೆದೆ. ತಪ್ಪು ನನ್ನದು ಎಂದು ಸಿಕ್ಕ ಸಿಕ್ಕ ಗುಂಪಿಗೆಲ್ಲ ಕಳಿಸಿದೆ. ಹೆಚ್ಚಿನವರು ಹೆಬ್ಬೆರಳು ತೋರಿಸಿದರು. ಓದಿದ್ದಕ್ಕೋ ಓದದೆ ಇದ್ದದ್ದಕ್ಕೋ ತಿಳಿಯಲಿಲ್ಲ. ಮಂಜಣ್ಣ ಮಾತ್ರ ಮನೆಗೇ ಬಂದ. "ನೀನೇ ಬಡಿಸ್ದೆ, ತಿನ್ನೋವಾಗ ನೀನೇ ಎಲೆ ಎತ್ತಿದ್ಯಲ್ಲ ಮಾರಾಯ" ಎಂದು ನೊಂದುಕೊಂಡ. ಆದರೂ ಆಟ ಬಿಡಲಾಗದೆ ಕೊನೆಗೆ ಒಂದು ಡಬ್ಬಿ ತರಿಸಿಕೊಂಡ. ಅವನ ಹಾಗೆಯೇ ಬೇರೆಯವರೂ ತರಿಸಿಕೊಂಡಿರಬೇಕು. ಬೇಸಿಗೆ ರಜೆಯಲ್ಲಿ ಮೇಡಂ ಫೋನು ಮಾಡಿ, ದಿವಾನದ ಕೆಳಗೆ ಈಗ ಕಸ ಗುಡಿಸುವಷ್ಟು ಜಾಗವಾಗಿದೆ, ಹೊಸ ಅಚ್ಚು ಬಂದಿದೆ, ನಿಮಗೊಂದು ಕಳಿಸಿದ್ದೇನೆ ಎಂದರು. ಹೊಸ ಕಾರ್ಡಿಗೆ ತಕ್ಕಂತೆ ಲೆಕ್ಕದ ಪುಟವನ್ನು ಸ್ವಲ್ಪ ತಿದ್ದಿಕೊಡಬೇಕಂತೆ. ಕ್ಷಮೆ ಸಿಕ್ಕಿತು ಎಂದು ನನ್ನ ಕಣ್ಣು ಒದ್ದೆಯಾಯಿತು.

ಡಬ್ಬಿ ಬಂತು. ಸುಮಾ ಕಾರ್ಡುಗಳನ್ನು ತಿರುವಿಹಾಕುತ್ತಾ ಒಂದರ ಹತ್ತಿರ ನಿಂತಳು, ಆಮೇಲೆ ನಗಲು ಶುರುಮಾಡಿದವಳು ನಿಲ್ಲಿಸಲಿಲ್ಲ. ಎತ್ತಿಕಟ್ಟಿದ ಪಂಚೆ, ಹಣೆಗೇರಿಸಿದ ಕನ್ನಡಕ, ಕೈಯಲ್ಲಿ ಪಾಯಸದ ಪಾತ್ರೆ, ಮುಖದ ತುಂಬ ಧನ್ಯತೆ. ಎಡಗೆನ್ನೆಯ ಮಚ್ಚೆಯನ್ನೂ ಬಿಟ್ಟಿರಲಿಲ್ಲ. ಹೆಸರು 'ಧಾರಾಳಿ ಮಾವ'. ಅಡಿಯಲ್ಲಿ ಹೀಗಿತ್ತು: 'ಇವರು ಬಂದರೆ ಕೇಳಿದವರಿಗೂ ಕೇಳದವರಿಗೂ ಪಾಯಸ. ಪಾಯಸ ಮಾತ್ರ ನಿಮ್ಮದು.'

ವಿಷಯ ತಿಳಿದ ಮಂಜಣ್ಣ ಆ ಕಾರ್ಡಿನ ಫೋಟೋ ಕಳಿಸು ಎಂದು ಬೆನ್ನು ಬಿದ್ದ. ಅವನಲ್ಲಿರುವುದು ಹಳೆಯ ಡಬ್ಬಿ. ಮುಖ ನನ್ನದೇ, ಆದರೆ ಚಿತ್ರ ಮೇಡಂ ಅವರದು. "ನೋಡ್ಬೇಕಿದ್ರೆ ಹೊಸ ಡಬ್ಬಿ ತಗೋ" ಎಂದುಬಿಟ್ಟೆ. ತಗೊಂಡ. ಬೀದಿಯಲ್ಲಿ ಇನ್ನೂ ಕೆಲವರು ತಗೊಂಡರು. ಷಡ್ಡಕನಂತೂ ಬೀಗರಿಗೂ ಒಂದು ಕೊಟ್ಟನಂತೆ. ನನ್ನ ಪಾಲಿಗೆ ಉಳಿದದ್ದು, ಕಾನೂನಿಗೂ ಮೇಡಂಗೂ ಒಪ್ಪಿಗೆಯಾದ ಆ ಲೆಕ್ಕದ ಕೆಲಸ. ಭಾನುವಾರ ಬೆಳಗ್ಗೆ ಕಂಪ್ಯೂಟರ್ ಮುಂದೆ ಕೂತು, ನಾನು ಮದುವೆ ಮನೆಗೆ ಬಂದರೆ ಯಜಮಾನನಿಗೆ ಎಷ್ಟು ಅಂಕ ಕಳೆಯಬೇಕು ಎಂಬುದನ್ನು ನಾನೇ ಬರೆದೆ. ಸುಮಾ ಹಿಂದೆ ನಿಂತು, ಕಡಿಮೆ ಹಾಕಿಲ್ಲ ತಾನೇ ಎಂದು ಪರೀಕ್ಷಿಸಿ ಹೋದಳು.