ಗುಂಡಿಗೆ ಹಚ್ಚುವ ಜಿಡ್ಡು

ಅಜ್ಜನ ಕೋವಿಯಿಂದ ಗುರಿ ಹೊಡೆದು ಭಾವಮೈದುನನ ಬಾಯಿ ಮುಚ್ಚಿಸದಿದ್ದರೆ ತಾನಿನ್ನು ಕತ್ತರಿ ಹಿಡಿಯುವುದಿಲ್ಲ ಎಂದು ದರ್ಜಿ ಶಪಥ ಮಾಡಿಯೇ ಬಿಟ್ಟ. ಭಾವಮೈದುನ ಅಂದದ್ದಾದರೂ ಎಂಥ ಮಾತು? ಆ ಕೋವಿ ಬಟ್ಟೆ ಒಣಗಹಾಕೋದಕ್ಕೆ ಲಾಯಕ್ಕಂತೆ!

ಹಳೇ ಕೋವಿಗಳ ಪಂದ್ಯಕ್ಕೆ ತಯಾರಿ ಜೋರಾಯಿತು. ಇಂಥ ಕೋವಿಗೆ ಅಂಗಡಿಯ ತೋಟಾ ನಡೆಯುವುದಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಜಿಡ್ಡು ಸವರಿದ ಬಟ್ಟೆಚೂರಿನಲ್ಲಿ ಸೀಸದ ಗುಂಡನ್ನು ಸುತ್ತಿ, ಸರಳಿನಿಂದ ಒಳಗೆ ತಳ್ಳಬೇಕು. ಬಟ್ಟೆ ಕತ್ತರಿಸುವುದರಲ್ಲಿ ಅವನನ್ನು ಮೀರಿಸುವವರುಂಟೇ? ಜಿಡ್ಡನ್ನೂ ತಾನೇ ತಯಾರಿಸಿದ. ಜೇನುಮೇಣ, ಎಣ್ಣೆ ಕಾಯಿಸಿ, ಸೋಸಿ, ಡಬ್ಬಿಗೆ ತುಂಬಿ ಅಡುಗೆಮನೆಯ ಕಿಟಕಿಯಲ್ಲಿಟ್ಟ. ಆ ವಾರವೆಲ್ಲ ಮನೆಯಲ್ಲಿ ಸೇನಾಪತಿಯ ಹಾಗೆ ಓಡಾಡಿದ.

ಪಂದ್ಯದ ದಿನ ಭಾವಮೈದುನ ಮುಂದಿನ ಸಾಲಿನಲ್ಲೇ ಕೂತಿದ್ದ. ದರ್ಜಿಯ ಕಣ್ಣು ಅವನ ಮೇಲೆ, ಬೆರಳು ಡಬ್ಬಿಯೊಳಗೆ. ಮದ್ದು ಸುರಿದ, ಗುಂಡು ಸುತ್ತಿದ, ತಳ್ಳಿದ, ಮೀಸೆ ತಿರುವಿ ಟ್ರಿಗರ್ ಎಳೆದ. ಮದ್ದು ಒದ್ದೆಯಾಗಿತ್ತೋ ಏನೋ, ಕೋವಿ ಠುಸ್ಸೆಂದಿತು. ಗುಂಡು ಮೆಲ್ಲಗೆ ಹೊರಬಂದು ಅವನ ಬೂಟಿನ ಮುಂದೆಯೇ ಬಿತ್ತು. ನೆಗಡಿಯಾಗಿದ್ದ ದರ್ಜಿಯೊಬ್ಬನನ್ನು ಬಿಟ್ಟು ಎಲ್ಲರ ಮೂಗಿಗೂ ಗುಲಾಬಿಯ ಘಮ.

"ಭಾವ, ಕೋವಿ ಮುಖಕ್ಕೆ ಸ್ನೋ ಹಚ್ಕೊಂಡು ಬಂದಿದೆ" ಎಂದ ಭಾವಮೈದುನ.

ದರ್ಜಿ ಉರಿಯುತ್ತ ಮನೆಗೆ ಬಂದ. ತಮಾಷೆ ನೋಡಲು ಭಾವಮೈದುನನೂ ಹಿಂದೆಯೇ ಬಂದ.

"ಏನೇ, ಆ ಡಬ್ಬಿಗೆ ಏನು ತುಂಬಿದ್ದೆ?"

"ನಿಮ್ಮದು ಖಾಲಿಯಾಯ್ತು ರೀ. ಪಾಪ, ಬೇಕಾಗುತ್ತೇನೋ ಅಂತ ನನ್ನ ಸ್ನೋ ತುಂಬಿಟ್ಟೆ. ಸ್ವಲ್ಪ ನನ್ನ ಹಿಮ್ಮಡಿ ನೋಡಿ."

ನೋಡಿದ. ಯಾವ ಔಷಧಕ್ಕೂ ಜಗ್ಗದ ಬಿರುಕುಗಳು ಮಾಯವಾಗಿದ್ದವು! ಅಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯ ಟೀಚರು, ಎದುರುಮನೆಯ ನರ್ಸು, ಕೈಯಲ್ಲೊಂದೊಂದು ಖಾಲಿ ಡಬ್ಬಿ. "ನಮ್ಮನೆಯವರೇ ಕೈಯಾರೆ ಮಾಡಿದ್ದು" ಎಂದಳು ಹೆಂಡತಿ. ಅವನು ಹೊಲಿದ ಒಂದು ರವಿಕೆಯ ಬಗ್ಗೆಯೂ ಅವಳು ಇಷ್ಟು ಹೆಮ್ಮೆಯಿಂದ ಮಾತಾಡಿದ್ದಿಲ್ಲ. ದರ್ಜಿಯ ಸಿಟ್ಟು ಅಲ್ಲೇ ಇಳಿಯಿತು.

ಮೂಲೆಯಲ್ಲಿ ಭಾವಮೈದುನ ಮೆಲ್ಲಗೆ ಕಾಲುಚೀಲ ಕಳಚುತ್ತಿದ್ದ. "ಭಾವ, ನನಗೂ ಒಂದು ಡಬ್ಬಿ ಸಿಗುತ್ತಾ?"

ಗೆದ್ದೆ ಎಂದುಕೊಂಡ ದರ್ಜಿ ಎದೆಯುಬ್ಬಿಸಿ ಒಲೆ ಹಚ್ಚಿದ. ಮೇಣ ಕರಗಿತು, ಸೋಸಿದ್ದೂ ಆಯಿತು. ಜಿಡ್ಡು ಸೋರುವ ಬಟ್ಟೆ ಎಲ್ಲಿ ಹರವಲಿ ಎಂದು ಕೇಳಿದ. ಹೆಂಡತಿ ಅತ್ತಿತ್ತ ನೋಡಿದಳು.

"ಆ ಕೋವಿ ಇದೆಯಲ್ಲ, ಇಲ್ಲೇ ಅಡ್ಡ ಇಡಿ."

ಭಾವಮೈದುನ ಹಿಮ್ಮಡಿ ಸವರಿಕೊಳ್ಳುತ್ತ ತಲೆಯೆತ್ತಿ ನೋಡಿದ. ಡಬ್ಬಿ ಇನ್ನೂ ಕೈಸೇರಿರಲಿಲ್ಲ; ಬಾಯಿ ಮುಚ್ಚಿಕೊಂಡ.